ಶಾಲೆಯಲ್ಲಿ ಕಲಿತ ಲಿನಕ್ಸ್ ಮನೆಗೆ ಬರಲು ಏಕೆ ಇಷ್ಟು ತಡವಾಯಿತು?



ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಓದಿದ ನಮಗೆಲ್ಲ ಐಟಿ ಲ್ಯಾಬಿನ ನೆನಪಿದೆ. ಎರಡು ಮೂರು ಮಂದಿಗೆ ಒಂದು ಕಂಪ್ಯೂಟರ್, ಮೌಸ್ ಯಾರ ಕೈಯಲ್ಲಿ ಇರಬೇಕು ಎಂಬ ಜಗಳ. ಚಿಕ್ಕ ತರಗತಿಯಲ್ಲಿ ಟಕ್ಸ್ ಪೇಂಟಿನಲ್ಲಿ ಚಿತ್ರ ಬಿಡಿಸಿದೆವು. ದೊಡ್ಡವರಾದ ಮೇಲೆ ಜಿಂಪ್, ಇಂಕ್‌ಸ್ಕೇಪ್, ಜಿಯೋಜಿಬ್ರಾ ಕಲಿತೆವು. ಹತ್ತನೆಯ ತರಗತಿಯ ಐಟಿ ಪರೀಕ್ಷೆಯನ್ನೂ ಅದೇ ಕಂಪ್ಯೂಟರಿನಲ್ಲಿ ಬರೆದೆವು. ಅದರಲ್ಲಿ ಇದ್ದದ್ದು ಲಿನಕ್ಸ್ ಎಂದು ನಮ್ಮಲ್ಲಿ ಹಲವರಿಗೆ ಆಗ ಗೊತ್ತೇ ಇರಲಿಲ್ಲ. ಕಂಪ್ಯೂಟರ್ ಎಂದರೆ ಹೀಗೆಯೇ ಇರುತ್ತದೆ ಎಂದುಕೊಂಡಿದ್ದೆವು.

ಆದರೆ ಮನೆಗೆ ಕಂಪ್ಯೂಟರ್ ತಂದಾಗ ಅದರಲ್ಲಿ ವಿಂಡೋಸ್ ಇತ್ತು. ಶಾಲೆಯದು ಶಾಲೆಯಲ್ಲೇ ಉಳಿಯಿತು.

ಈಗ ಈ ಮಾತು ಎತ್ತಲು ಕಾರಣವಿದೆ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ ಮುಗಿಯಿತು. ನಮ್ಮ ಯುವಕರ ಕೋಣೆಯಲ್ಲಿರುವ ಎರಡು ಕಂಪ್ಯೂಟರುಗಳು ವಿಂಡೋಸ್ 11 ಕೇಳುವ ಅರ್ಹತೆಯಲ್ಲಿ ಪಾಸಾಗುವುದಿಲ್ಲ. ಎರಡೂ ಚೆನ್ನಾಗಿಯೇ ನಡೆಯುತ್ತಿವೆ, ಆದರೆ ಹಳೆಯವು. ನಿಮ್ಮಲ್ಲಿ ಎಷ್ಟೋ ಮನೆಗಳ ಕಥೆಯೂ ಇದೇ. ಹೊಸದು ಕೊಳ್ಳಬೇಕೇ, ಇದ್ದುದಕ್ಕೆ ಲಿನಕ್ಸ್ ಹಾಕಬೇಕೇ ಎಂದು ಕಳೆದ ತಿಂಗಳ ಸಭೆಯಲ್ಲಿ ಚರ್ಚೆಯಾಯಿತು. ಆಗ ಎರಡು ಪ್ರಶ್ನೆಗಳು ಬಂದವು. ಒಬ್ಬ ಹುಡುಗ ಕೇಳಿದ: "ಅಣ್ಣ, ಅದರಲ್ಲಿ ಗೇಮ್ ಓಡ್ತದಾ?" ಒಬ್ಬ ತಾಯಿ ಕೇಳಿದರು: "ನಮ್ಮಂಥವರಿಗೆ ಅದು ಬರ್ತದಾ ಮಕ್ಕಳೇ?"

ಲಿನಕ್ಸಿನ ಮೂವತ್ತಕ್ಕೂ ಹೆಚ್ಚು ವರ್ಷಗಳ ಇತಿಹಾಸವೆಲ್ಲ ಈ ಎರಡು ಪ್ರಶ್ನೆಗಳ ಸುತ್ತಲೇ ಇದೆ ಎಂದು ಓದುತ್ತಾ ಹೋದ ಹಾಗೆ ನಮಗೆ ಅನಿಸಿತು. ಅದನ್ನೇ ಇಲ್ಲಿ ಹೇಳುತ್ತೇವೆ.

ಒಬ್ಬ ವಿದ್ಯಾರ್ಥಿಯ ಹವ್ಯಾಸ

ಲೀನಸ್ ಟೊರ್ವಾಲ್ಡ್ಸ್ ಫಿನ್ಲೆಂಡಿನವರು. ಆ ದೇಶದಲ್ಲಿ ಹೆಚ್ಚಿನವರ ಮಾತು ಫಿನ್ನಿಷ್. ಅವರ ಮನೆಮಾತು ಸ್ವೀಡಿಷ್, ಅಂದರೆ ಅಲ್ಲಿನ ಅಲ್ಪಸಂಖ್ಯಾತರ ಭಾಷೆ. ಗಡಿನಾಡಿನ ಕನ್ನಡಿಗರಾದ ನಮಗೆ ಇದನ್ನು ಓದಿದಾಗ ಅವರು ಸ್ವಲ್ಪ ಹತ್ತಿರದವರಂತೆ ಕಂಡರು.

1991ರ ಜನವರಿಯಲ್ಲಿ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದ ಅವರು ಒಂದು 386 ಕಂಪ್ಯೂಟರ್ ಕೊಂಡರು. ಅದರಲ್ಲಿ ಮಿನಿಕ್ಸ್ ಎಂಬ, ಪಾಠಕ್ಕಾಗಿ ಬರೆದ ಪುಟ್ಟ ಆಪರೇಟಿಂಗ್ ಸಿಸ್ಟಮ್ ಹಾಕಬೇಕೆಂದು ಆಸೆ. ಅದರ ಫ್ಲಾಪಿಗಳು ಬರುವುದು ತಡವಾಯಿತು. ಅಲ್ಲಿಯವರೆಗೆ ಅವರು ಏನು ಮಾಡಿದರು ಗೊತ್ತೇ? ಪ್ರಿನ್ಸ್ ಆಫ್ ಪರ್ಷಿಯಾ ಆಟ ಆಡಿದರು! ಲಿನಕ್ಸಿಗೂ ಗೇಮಿಗೂ ಸಂಬಂಧವೇ ಇಲ್ಲ ಎನ್ನುವವರಿಗೆ ಇದನ್ನು ಹೇಳಬಹುದು.

ಅದೇ ವರ್ಷ ಆಗಸ್ಟ್ 25ರಂದು, ತಾನೊಂದು ಆಪರೇಟಿಂಗ್ ಸಿಸ್ಟಮ್ ಬರೆಯುತ್ತಿದ್ದೇನೆ, ಇದು ಬರೀ ಹವ್ಯಾಸ, ದೊಡ್ಡದೇನೂ ಆಗುವುದಿಲ್ಲ ಎಂದು ಅವರು ಮಿನಿಕ್ಸ್ ಬಳಗಕ್ಕೆ ತಿಳಿಸಿದರು. ಅವರು ಬರೆದದ್ದು ಕರ್ನಲ್ ಮಾತ್ರ, ಅಂದರೆ ಒಳಗಿನ ತಿರುಳು. ಅದರ ಸುತ್ತ ಬೇಕಾದ ಅನೇಕ ಉಪಕರಣಗಳನ್ನು ರಿಚರ್ಡ್ ಸ್ಟಾಲ್ಮನ್ 1983ರಲ್ಲಿ ಘೋಷಿಸಿದ ಗ್ನೂ ಯೋಜನೆಯವರು ಆಗಲೇ ತಯಾರಿಸಿದ್ದರು. ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು, ಹಂಚಬಹುದು, ಆದರೆ ಪಡೆದವರಿಗೂ ಅದೇ ಹಕ್ಕು ಕೊಡಬೇಕು ಎಂಬ ಗ್ನೂ ಪರವಾನಗಿಯನ್ನು 1992ರಲ್ಲಿ ಲಿನಕ್ಸಿಗೂ ಅನ್ವಯಿಸಿದರು.

ಇನ್ನೊಂದು ಸಂಗತಿ. ಒಂದು ದಿನ ಅವರು ಮೋಡೆಮಿಗೆ ಕಳುಹಿಸಬೇಕಾಗಿದ್ದ ಆದೇಶವನ್ನು ತಪ್ಪಿ ತನ್ನ ಹಾರ್ಡ್ ಡಿಸ್ಕಿಗೇ ಕಳುಹಿಸಿ, ಮಿನಿಕ್ಸ್ ಇದ್ದ ಭಾಗವನ್ನೇ ಅಳಿಸಿಬಿಟ್ಟರು. ಲಿನಕ್ಸ್ ಮಾಡಿದವರಿಂದಲೇ ಇಂತಹ ತಪ್ಪಾಗಿದೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹೊಸ್ತಿಲು ಎತ್ತರವಾಗಿದ್ದ ದಿನಗಳು

ಕರ್ನಲ್, ಉಪಕರಣಗಳು, ಪ್ರೋಗ್ರಾಮುಗಳು ಎಲ್ಲವನ್ನೂ ಜೋಡಿಸಿ ಒಂದೇ ಕಟ್ಟಾಗಿ ಕೊಡುವುದಕ್ಕೆ ಡಿಸ್ಟ್ರಿಬ್ಯೂಶನ್, ಚಿಕ್ಕದಾಗಿ ಡಿಸ್ಟ್ರೋ ಎನ್ನುತ್ತಾರೆ. 1993ರಲ್ಲಿ ಸ್ಲ್ಯಾಕ್‌ವೇರ್ ಮತ್ತು ಡೆಬಿಯನ್ ಶುರುವಾದವು. ಎರಡೂ ಇಂದಿಗೂ ಇವೆ.

ಆದರೆ ಆಗ ಇವನ್ನು ಹಾಕುವುದು ಸುಲಭದ ಮಾತಾಗಿರಲಿಲ್ಲ. ಫ್ಲಾಪಿಗಳ ಒಂದು ರಾಶಿಯೇ ಬೇಕು. ಹಾರ್ಡ್ ಡಿಸ್ಕನ್ನು ನಾವೇ ಲೆಕ್ಕ ಹಾಕಿ ಭಾಗ ಮಾಡಬೇಕು. ತೆರೆಯಲ್ಲಿ ಕಿಟಕಿ, ಚಿತ್ರ ಕಾಣಬೇಕಾದರೆ ಮಾನಿಟರಿನ ಸಿಂಕ್ ಫ್ರೀಕ್ವೆನ್ಸಿ ಎಷ್ಟೆಂದು ಅದರ ಪುಸ್ತಕ ನೋಡಿ ಬರೆಯಬೇಕು. ತಪ್ಪು ಅಂಕೆ ಕೊಟ್ಟರೆ ಮಾನಿಟರೇ ಹಾಳಾಗಬಹುದು ಎಂಬ ಎಚ್ಚರಿಕೆ ಬೇರೆ. ಡಯಲ್ ಅಪ್ ಇಂಟರ್ನೆಟ್ಟಿನ ಕಾಲದಲ್ಲಿ ಬಂದ ಅಗ್ಗದ ಮೋಡೆಮುಗಳು ವಿಂಡೋಸಿಗಾಗಿಯೇ ಮಾಡಿದವು. ಲಿನಕ್ಸಿನಲ್ಲಿ ಅವು ನಡೆಯಲು ಡ್ರೈವರ್ ಬೇಕು, ಡ್ರೈವರ್ ತರಲು ಇಂಟರ್ನೆಟ್ ಬೇಕು, ಇಂಟರ್ನೆಟ್ಟಿಗೆ ಮೋಡೆಮ್ ನಡೆಯಬೇಕು!

ಸಹಾಯ ಕೇಳಿದರೆ ಸಿಗುತ್ತಿತ್ತು, ಆದರೆ ಎಷ್ಟೋ ಸಲ ಸಿಗುತ್ತಿದ್ದ ಉತ್ತರ "ಮೊದಲು ಪುಸ್ತಕ ಓದು" ಎಂಬ ಗದರಿಕೆ. ತಿಳಿದವರ ಕೂಟದಲ್ಲಿ ತಿಳಿಯದವನಿಗೆ ಜಾಗವಿಲ್ಲ ಎಂಬ ಭಾವನೆ ಅಲ್ಲಿತ್ತು. ಅಂಥ ಕೂಟ ಎಷ್ಟು ಒಳ್ಳೆಯದಾಗಿದ್ದರೂ ಬೆಳೆಯುವುದಿಲ್ಲ.

ಬಾಗಿಲಿಗೆ ಬಂದು ಕರೆದವರು

ಬದಲಾವಣೆ ತಂದವರು ಹೊಸಬರ ಕಷ್ಟವನ್ನು ಹೊಸಬರ ದಡ್ಡತನ ಎನ್ನದೆ, ಇದು ನಮ್ಮ ಕೆಲಸದ ಕೊರತೆ ಎಂದು ಒಪ್ಪಿಕೊಂಡವರು.

1996ರಲ್ಲಿ ಜರ್ಮನಿಯ ಮಥಿಯಾಸ್ ಎಟ್ರಿಶ್ ಎಂಬ ವಿದ್ಯಾರ್ಥಿ, ತನ್ನ ಗೆಳತಿಗೂ ಬಳಸಲು ಬರುವಂತಹ ತೆರೆ ಲಿನಕ್ಸಿಗೆ ಬೇಕು ಎಂದು ಕೆಡಿಇ ಯೋಜನೆ ಆರಂಭಿಸಿದರು. ಮರುವರ್ಷ ಮೆಕ್ಸಿಕೋದ ಮಿಗೆಲ್ ದೆ ಇಕಾಜಾ ಮತ್ತು ಫೆಡೆರಿಕೊ ಮೆನಾ ಗ್ನೋಮ್ ಆರಂಭಿಸಿದರು. ಮೆನು, ಐಕಾನ್, ಫೋಲ್ಡರ್ ಎಲ್ಲ ಬಂತು. 1999ರ ಕಾಲ್ಡೆರಾ ಓಪನ್‌ಲಿನಕ್ಸಿನಲ್ಲಿ ಇನ್‌ಸ್ಟಾಲ್ ಮುಗಿಯುವವರೆಗೆ ಬೇಸರವಾಗದಿರಲೆಂದು ಟೆಟ್ರಿಸ್ ಆಟ ಇಟ್ಟಿದ್ದರು. 2000ದಲ್ಲಿ ಕ್ಲಾಸ್ ಕ್ನಾಪರ್ ತಂದ ಕ್ನಾಪಿಕ್ಸ್ ಇನ್ನೊಂದು ದೊಡ್ಡ ಹೆಜ್ಜೆ. ಸಿಡಿ ಹಾಕಿ ಕಂಪ್ಯೂಟರ್ ಆನ್ ಮಾಡಿದರೆ ಲಿನಕ್ಸ್ ನೇರವಾಗಿ ಸಿಡಿಯಿಂದಲೇ ನಡೆಯುತ್ತಿತ್ತು. ನೋಡಿ, ಮುಟ್ಟಿ, ಬೇಡವಾದರೆ ಸಿಡಿ ತೆಗೆದರಾಯಿತು. ಒಳಗಿದ್ದ ವಿಂಡೋಸಿಗೆ ಏನೂ ಆಗುತ್ತಿರಲಿಲ್ಲ. ಹೆದರಿಕೆಯೇ ದೊಡ್ಡ ಅಡ್ಡಿಯಾಗಿದ್ದವರಿಗೆ ಇದು ಬಹಳ ಉಪಕಾರವಾಯಿತು.

2004ರ ಅಕ್ಟೋಬರ್ 20ರಂದು ಉಬುಂಟು ಬಂತು. ದಕ್ಷಿಣ ಆಫ್ರಿಕಾದ ಉದ್ಯಮಿ ಮಾರ್ಕ್ ಶಟಲ್‌ವರ್ತ್ ಹಣ ಹಾಕಿ, ಡೆಬಿಯನ್ನಿನ ಮೇಲೆ ಕಟ್ಟಿಸಿದ್ದು. ಮನುಷ್ಯರಿಗಾಗಿ ಲಿನಕ್ಸ್ ಎಂಬುದೇ ಅದರ ಘೋಷವಾಕ್ಯ. ಇಂಟರ್ನೆಟ್ ನಿಧಾನವಾಗಿದ್ದ ದೇಶಗಳ ಕಷ್ಟ ತಿಳಿದು, ಕೇಳಿದವರ ಮನೆಗೆ ಅವರು ಉಚಿತವಾಗಿ ಸಿಡಿಗಳನ್ನು ಅಂಚೆಯಲ್ಲಿ ಕಳುಹಿಸಿದರು. 2011ರವರೆಗೂ ಈ ಸೇವೆ ನಡೆಯಿತು. ನಮ್ಮ ಹಿರಿಯ ಅಣ್ಣಂದಿರಲ್ಲಿ ಕೆಲವರ ಕಪಾಟಿನಲ್ಲಿ ಆ ಸಿಡಿ ಕವರುಗಳು ಈಗಲೂ ಇವೆ. ಪರದೇಶದಿಂದ ತನ್ನ ಹೆಸರಿಗೆ ಪಾರ್ಸೆಲ್ ಬಂದದ್ದನ್ನು ಪೋಸ್ಟ್‌ಮ್ಯಾನ್ ಮನೆಯಂಗಳದಲ್ಲಿ ಎಲ್ಲರೆದುರು ಕೂಗಿ ಹೇಳಿದ್ದು ಒಬ್ಬ ಅಣ್ಣನಿಗೆ ಇಂದಿಗೂ ನೆನಪು.

ಆದರೂ ಸಣ್ಣ ಸಣ್ಣ ಕಲ್ಲುಗಳು ಕಾಲಿಗೆ ತಾಗುತ್ತಿದ್ದವು. ಪೇಟೆಂಟಿನ ಕಾರಣದಿಂದ ಎಂಪಿ3 ಹಾಡು ನುಡಿಸುವ ವ್ಯವಸ್ಥೆ ಅನೇಕ ಡಿಸ್ಟ್ರೋಗಳಲ್ಲಿ ಮೊದಲೇ ಇರುತ್ತಿರಲಿಲ್ಲ. ಹೊಸಬರು ಹಾಡಿನ ಮೇಲೆ ಕ್ಲಿಕ್ ಮಾಡಿದರೆ ಸದ್ದೇ ಇಲ್ಲ. ಕಂಪ್ಯೂಟರ್ ಕೆಟ್ಟಿದೆ ಎಂದುಕೊಂಡು ವಿಂಡೋಸಿಗೆ ಮರಳಿದವರು ಬಹಳ. 2006ರಲ್ಲಿ ಶುರುವಾದ ಲಿನಕ್ಸ್ ಮಿಂಟ್ ಇಂಥವನ್ನೆಲ್ಲ ಮೊದಲೇ ಸೇರಿಸಿ ಕೊಟ್ಟದ್ದರಿಂದ ಜನರಿಗೆ ಹಿಡಿಸಿತು.

ಕೇರಳದ ಶಾಲೆಗಳು, ನಮ್ಮ ಕನ್ನಡ ಪುಸ್ತಕ

ಇದೇ ಹೊತ್ತಿನಲ್ಲಿ ನಮ್ಮ ರಾಜ್ಯದಲ್ಲೂ ಒಂದು ದೊಡ್ಡ ಕೆಲಸ ನಡೆಯುತ್ತಿತ್ತು. 2001ರಲ್ಲಿ ಆರಂಭವಾದ ಐಟಿ ಅಟ್ ಸ್ಕೂಲ್ ಯೋಜನೆ ಮುಂದಿನ ವರ್ಷಗಳಲ್ಲಿ ಸ್ವತಂತ್ರ ತಂತ್ರಾಂಶವನ್ನೇ ಆರಿಸಿಕೊಂಡಿತು. ಶಾಲೆಗಳಿಗೆಂದೇ ಲಿನಕ್ಸ್ ಡಿಸ್ಟ್ರೋ ತಯಾರಾಯಿತು. ಮೊದಲು ಡೆಬಿಯನ್ ಆಧಾರ, ಬಳಿಕ ಉಬುಂಟು ಆಧಾರ. 2017ರಲ್ಲಿ ಆ ಯೋಜನೆಯೇ ಕೈಟ್ ಎಂಬ ಸಂಸ್ಥೆಯಾಯಿತು.

ಇಲ್ಲಿ ಗಮನಿಸಬೇಕಾದ್ದು, ಸಾವಿರಾರು ಸಾಮಾನ್ಯ ಅಧ್ಯಾಪಕರು ತರಬೇತಿ ಪಡೆದು ಇದನ್ನು ಕಲಿಸಿದರು. ಅವರು ಕಂಪ್ಯೂಟರ್ ಪಂಡಿತರಲ್ಲ. ಗಣಿತ, ಸಮಾಜ, ಕನ್ನಡ ಪಾಠ ಮಾಡುವ ಮಾಸ್ಟ್ರು, ಟೀಚರುಗಳೇ. ಐಟಿ ಪಾಠಪುಸ್ತಕ ಮಲಯಾಳ, ಇಂಗ್ಲಿಷ್, ತಮಿಳಿನ ಜೊತೆ ಕನ್ನಡದಲ್ಲೂ ಬಂತು. ಎಷ್ಟೋ ವಿಷಯಗಳಲ್ಲಿ ಕನ್ನಡದ್ದು ಕೊನೆಗೆ ಬರುವ ನಮ್ಮ ಜಿಲ್ಲೆಯಲ್ಲಿ, ಲಿನಕ್ಸನ್ನು ನಾವು ಕನ್ನಡದಲ್ಲೇ ಕಲಿತೆವು ಎಂಬುದು ಸಣ್ಣ ಸಂಗತಿಯಲ್ಲ.

ಹಾಗಾದರೆ ಆ ತಾಯಿಯ ಪ್ರಶ್ನೆಗೆ ಉತ್ತರ ನಮ್ಮ ಮನೆಯಲ್ಲೇ ಇದೆ. ಹನ್ನೆರಡು ವರ್ಷದ ಮಗಳಿಗೆ ಬಂದದ್ದು ಅಮ್ಮನಿಗೆ ಏಕೆ ಬಾರದು? ಬ್ರೌಸರ್, ಯೂಟ್ಯೂಬ್, ಬ್ಯಾಂಕಿನ ಪುಟ, ಪತ್ರ ಬರೆಯುವುದು, ಪ್ರಿಂಟ್ ತೆಗೆಯುವುದು ಎಲ್ಲವೂ ಮೌಸಿನಲ್ಲೇ ಆಗುತ್ತದೆ. ಕನ್ನಡ ಟೈಪ್ ಮಾಡಲು ನಮಗೆ ರೂಢಿಯಿರುವ ಕೆಜಿಪಿ ಕೀಲಿಮಣೆ ವಿನ್ಯಾಸವೂ ಸಿಗುತ್ತದೆ.

ಮತ್ತೆ ಮನೆಗೆ ಬರಲು ತಡವೇಕೆ? ಒಂದು ಕಾರಣ, ಅಂಗಡಿಯಲ್ಲಿ ಕೊಂಡ ಕಂಪ್ಯೂಟರಿನಲ್ಲಿ ವಿಂಡೋಸ್ ಮೊದಲೇ ಇರುತ್ತದೆ. ಇನ್ನೊಂದು ಕಾರಣ, ನಮ್ಮ ಆ ಹುಡುಗನ ಪ್ರಶ್ನೆ. ಗೇಮ್!

ಆಟಗಳು: ಎರಡು ಸೋಲಿನ ಕಥೆ

1994ರಲ್ಲೇ ಡೂಮ್ ಆಟ ಲಿನಕ್ಸಿಗೆ ಬಂದಿತ್ತು. ಅದನ್ನು ತಂದವರು ಆ ಆಟ ಮಾಡಿದ ಇಡ್ ಸಾಫ್ಟ್‌ವೇರ್ ಕಂಪನಿಯ ಡೇವ್ ಟೇಲರ್. ಆದರೆ ಅಂಥವು ಬೆರಳೆಣಿಕೆಯಷ್ಟು.

1998ರಲ್ಲಿ ಅಮೆರಿಕದಲ್ಲಿ ಸ್ಕಾಟ್ ಡ್ರೇಕರ್ ಲೋಕಿ ಸಾಫ್ಟ್‌ವೇರ್ ಎಂಬ ಕಂಪನಿ ಕಟ್ಟಿದರು. ವಿಂಡೋಸಿನ ಹೆಸರಾಂತ ಆಟಗಳನ್ನು ಅನುಮತಿ ಪಡೆದು, ಲಿನಕ್ಸಿಗೆ ಮತ್ತೆ ಬರೆದು ಮಾರುವುದು ಅವರ ಕೆಲಸ. ಸಿವಿಲೈಸೇಶನ್: ಕಾಲ್ ಟು ಪವರ್, ಹೀರೋಸ್ ಆಫ್ ಮೈಟ್ ಆಂಡ್ ಮ್ಯಾಜಿಕ್ 3 ಮುಂತಾದವನ್ನು ತಂದರು. ಕೆಲಸ ಚೆನ್ನಾಗಿತ್ತು, ಕೊಳ್ಳುವವರು ಸಾಲಲಿಲ್ಲ. 2002ರ ಜನವರಿಯಲ್ಲಿ ಕಂಪನಿ ಮುಚ್ಚಿತು. ಆದರೆ ಅಲ್ಲಿ ದುಡಿದ ಸ್ಯಾಮ್ ಲ್ಯಾಂಟಿಂಗಾ ಬರೆದ ಎಸ್‌ಡಿಎಲ್ ಎಂಬ ತಂತ್ರಾಂಶ ಉಳಿಯಿತು. ಆಟಗಳು ಕೀಬೋರ್ಡ್, ಶಬ್ದ, ಚಿತ್ರಗಳೊಂದಿಗೆ ವ್ಯವಹರಿಸಲು ಅದು ಇಂದಿಗೂ ಬಳಕೆಯಲ್ಲಿದೆ.

ಎರಡನೆಯ ಪ್ರಯತ್ನ ವಾಲ್ವ್ ಕಂಪನಿಯದು. ಗೇಮ್ ಮಾರುವ ಸ್ಟೀಮ್ ಅಂಗಡಿ ಅವರದ್ದೇ. 2012ರಲ್ಲಿ ಅದರ ಮುಖ್ಯಸ್ಥ ಗೇಬ್ ನ್ಯೂಯೆಲ್, ವಿಂಡೋಸ್ 8 ಪಿಸಿ ಲೋಕಕ್ಕೆ ದೊಡ್ಡ ಅನಾಹುತ ಎಂದರು. ಮೈಕ್ರೋಸಾಫ್ಟ್ ತನ್ನದೇ ಅಂಗಡಿ ತೆರೆದು ಉಳಿದವರನ್ನು ಹೊರಗಿಟ್ಟರೆ ಏನು ಗತಿ ಎಂಬ ಭಯ ಅವರಿಗಿತ್ತು. 2013ರ ಫೆಬ್ರವರಿ 14ರಂದು ಲಿನಕ್ಸಿಗೆ ಸ್ಟೀಮ್ ಬಂತು. 2015ರ ನವೆಂಬರಿನಲ್ಲಿ ಲಿನಕ್ಸ್ ಆಧಾರಿತ ಸ್ಟೀಮ್ ಮೆಶೀನ್ ಎಂಬ ಗೇಮ್ ಪೆಟ್ಟಿಗೆಗಳೂ ಬಂದವು. ಅವೂ ಸೋತವು. ಜನ ಹೆಚ್ಚಾಗಲಿ, ಆಟ ಮಾಡೋಣ ಎಂದರು ಆಟ ಮಾಡುವವರು. ಆಟ ಹೆಚ್ಚಾಗಲಿ, ಕೊಳ್ಳೋಣ ಎಂದರು ಜನ. ಬಸ್ಸು ಬಿಟ್ಟರೆ ಜನ ಬರುತ್ತಾರೆ, ಜನ ಬಂದರೆ ಬಸ್ಸು ಬಿಡುತ್ತೇವೆ ಎಂಬ ನಮ್ಮ ಊರಿನ ವಾದದಂತೆಯೇ.

ಎರಡು ಭಾಷೆ ಬಲ್ಲವನ ಕೆಲಸ

ಕೊನೆಗೆ ಗೆದ್ದದ್ದು ಬೇರೆಯೇ ದಾರಿ. ಅದರ ಬೇರು 1993ರಲ್ಲಿದೆ. ಬಾಬ್ ಆಮ್‌ಸ್ಟಾಟ್ ಮತ್ತು ಎರಿಕ್ ಯಂಗ್‌ಡೇಲ್ ಶುರು ಮಾಡಿದ ವೈನ್ ಯೋಜನೆಯನ್ನು 1994ರಿಂದ ಮುನ್ನಡೆಸುತ್ತಿರುವವರು ಅಲೆಕ್ಸಾಂಡರ್ ಜೂಲಿಯಾರ್.

ವೈನ್ ಏನು ಮಾಡುತ್ತದೆ? ಮಲಯಾಳದಲ್ಲೇ ವ್ಯವಹಾರ ನಡೆಯುವ ಕಚೇರಿಗೆ ಕನ್ನಡ ಮಾತ್ರ ಬರುವ ಅಜ್ಜ ಹೋದರೆ, ಎರಡೂ ಬಲ್ಲ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗುತ್ತಾರೆ ಅಲ್ಲವೇ? ಅಜ್ಜ ಕೇಳಿದ್ದನ್ನು ಅವರು ಮಲಯಾಳದಲ್ಲಿ ಹೇಳುತ್ತಾರೆ, ಉತ್ತರವನ್ನು ಕನ್ನಡದಲ್ಲಿ ತಿಳಿಸುತ್ತಾರೆ. ವೈನ್ ಕೂಡ ಹಾಗೆಯೇ. ವಿಂಡೋಸ್ ಪ್ರೋಗ್ರಾಮ್ "ಈ ಫೈಲ್ ತೆರೆ, ಇಲ್ಲೊಂದು ಕಿಟಕಿ ತೋರಿಸು" ಎಂದು ವಿಂಡೋಸಿನ ಮಾತಿನಲ್ಲಿ ಕೇಳುತ್ತದೆ. ವೈನ್ ಅದನ್ನು ಲಿನಕ್ಸಿಗೆ ತಿಳಿಯುವಂತೆ ಮಾಡಿಸಿಕೊಡುತ್ತದೆ. ಹೇಳಿದಷ್ಟು ಸುಲಭದ ಕೆಲಸವಲ್ಲ. ವಿಂಡೋಸಿನ ಒಳಗಿನ ಬರಹ ಎಲ್ಲರಿಗೂ ತೆರೆದಿಲ್ಲ, ಹೊರಗಿನಿಂದಲೇ ಒಂದೊಂದನ್ನೂ ಅರಿತು ಬರೆಯಬೇಕು. ವೈನ್ 1.0 ಬಂದದ್ದು 2008ರ ಜೂನ್ 17ರಂದು, ಅಂದರೆ ಹದಿನೈದು ವರ್ಷಗಳ ಬಳಿಕ!

ಆದರೂ ಹೊಸ ಆಟಗಳ ಚಿತ್ರ ಸರಿಯಾಗಿ ಬರುತ್ತಿರಲಿಲ್ಲ. ಅವು ಬಳಸುತ್ತಿದ್ದ ಡೈರೆಕ್ಟ್3ಡಿ ವಿಂಡೋಸಿನದ್ದು. ಜರ್ಮನಿಯ ಫಿಲಿಪ್ ರೆಬೋಲೆ ಎಂಬ ತರುಣನಿಗೆ ನಿಯರ್: ಆಟೋಮಾಟಾ ಎಂಬ ಆಟವನ್ನು ಲಿನಕ್ಸಿನಲ್ಲೇ ಆಡಬೇಕೆಂಬ ಆಸೆ. ಅದಕ್ಕಾಗಿ ಅವರು ಡೈರೆಕ್ಟ್3ಡಿಯ ಮಾತನ್ನು ವಲ್ಕನ್ ಎಂಬ ಮುಕ್ತ ವ್ಯವಸ್ಥೆಯ ಮಾತಿಗೆ ತಿರುಗಿಸುವ ಡಿಎಕ್ಸ್‌ವಿಕೆ ಬರೆದರು. 2018ರಲ್ಲಿ ವಾಲ್ವ್ ಅವರನ್ನು ಕೆಲಸಕ್ಕೆ ಸೇರಿಸಿಕೊಂಡಿತು. ವೈನ್, ಡಿಎಕ್ಸ್‌ವಿಕೆ ಮತ್ತಿತರ ಭಾಗಗಳನ್ನು ಕೋಡ್‌ವೀವರ್ಸ್ ಕಂಪನಿಯ ಜೊತೆ ಸೇರಿ ಜೋಡಿಸಿ, ಅದೇ ವರ್ಷ ಆಗಸ್ಟ್ 21ರಂದು ಪ್ರೋಟಾನ್ ಎಂಬ ಹೆಸರಿನಲ್ಲಿ ಸ್ಟೀಮಿನೊಳಗೇ ಇಟ್ಟರು.

ವ್ಯತ್ಯಾಸ ನೋಡಿ. ಮೊದಲಿನವರು ಆಟ ಮಾಡುವವರನ್ನು "ನಮ್ಮ ಕಡೆಗೆ ಬನ್ನಿ" ಎಂದು ಕರೆದರು. ಇವರು ಆಟವನ್ನು ಇದ್ದ ಹಾಗೆಯೇ ಹೊತ್ತು ತಂದರು. ಆಡುವವನು ಇನ್‌ಸ್ಟಾಲ್ ಗುಂಡಿ ಒತ್ತಿದರೆ ಸಾಕು, ವೈನ್ ಎಂಬ ಹೆಸರೂ ಗೊತ್ತಿರಬೇಕಾಗಿಲ್ಲ. 2022ರ ಫೆಬ್ರವರಿ 28ರಿಂದ ಕೊಳ್ಳುವವರ ಕೈಸೇರತೊಡಗಿದ ಸ್ಟೀಮ್ ಡೆಕ್ ಎಂಬ ಕೈಯಲ್ಲಿ ಹಿಡಿದು ಆಡುವ ಯಂತ್ರದ ಒಳಗೂ ಲಿನಕ್ಸ್ ಇದೆ. ಸ್ಟೀಮಿನ ಮಾಸಿಕ ಸಮೀಕ್ಷೆಯಲ್ಲಿ ಲಿನಕ್ಸ್ ಬಳಸುವವರು 2025ರ ಅಕ್ಟೋಬರಿನಲ್ಲಿ ಶೇ. 3 ದಾಟಿದರು. ಸಣ್ಣ ಸಂಖ್ಯೆಯೇ. ಆದರೆ ಪ್ರೋಟಾನ್ ಬರುವಾಗ ಅದು ಶೇ. 1 ಕೂಡ ಇರಲಿಲ್ಲ.

ಮುಗಿಯದ ಕೆಲಸ

ಎಲ್ಲ ಸರಿಹೋಯಿತು ಎಂದರೆ ಸುಳ್ಳು ಹೇಳಿದಂತಾಗುತ್ತದೆ.

2021ರ ನವೆಂಬರಿನಲ್ಲಿ ಕೆನಡಾದ ಪ್ರಸಿದ್ಧ ಯೂಟ್ಯೂಬರ್ ಲೀನಸ್ ಸೆಬಾಸ್ಟಿಯನ್ ಲಿನಕ್ಸಿನಲ್ಲಿ ಗೇಮ್ ಆಡಿ ತೋರಿಸಲು ಹೊರಟರು. ಪಾಪ್ ಓಎಸ್ ಎಂಬ ಡಿಸ್ಟ್ರೋದಲ್ಲಿ ಸ್ಟೀಮ್ ಹಾಕುವಾಗ ಅಂದಿದ್ದ ಒಂದು ದೋಷದಿಂದ, ಮುಖ್ಯ ಭಾಗಗಳೇ ಹೋಗುತ್ತವೆ ಎಂಬ ಎಚ್ಚರಿಕೆ ಬಂತು. ಮುಂದುವರಿಯಲು ಒಂದು ಒಪ್ಪಿಗೆಯ ಸಾಲು ಟೈಪ್ ಮಾಡಬೇಕಿತ್ತು. ಮಾಡಿದರು. ಇಡೀ ಡೆಸ್ಕ್‌ಟಾಪ್ ಮಾಯವಾಯಿತು! ಎಚ್ಚರಿಕೆ ಓದದ್ದು ಅವರದ್ದೇ ತಪ್ಪು ಎಂದು ನಕ್ಕವರಿದ್ದರು. ಆದರೆ ಆ ತಂತ್ರಾಂಶ ನೋಡಿಕೊಳ್ಳುವವರು ನಗಲಿಲ್ಲ. ಪಾಪ್ ಓಎಸ್‌ನ ದೋಷ ಸರಿಯಾಯಿತು. ಡೆಬಿಯನ್ನಿನವರು ಹಾಗೆ ಒಂದು ಸಾಲು ಟೈಪ್ ಮಾಡಿ ಮುಖ್ಯ ಭಾಗಗಳನ್ನು ಅಳಿಸುವ ದಾರಿಯನ್ನೇ ಮುಚ್ಚಿದರು. ಬಿದ್ದವನನ್ನು ಬೈಯದೆ ಹೊಂಡ ಮುಚ್ಚಿದರು. ಲಿನಕ್ಸ್ ಹೊಸಬರಿಗೆ ಹತ್ತಿರವಾದದ್ದು ಹೀಗೆಯೇ.

ಇನ್ನೊಂದು ಬಾಗಿಲು ಈಗಲೂ ಮುಚ್ಚಿದೆ. ಆನ್‌ಲೈನ್ ಆಟಗಳಲ್ಲಿ ಮೋಸ ತಡೆಯಲು ಆಂಟಿ-ಚೀಟ್ ಎಂಬ ಕಾವಲುಗಾರ ಇರುತ್ತಾನೆ. ಅವುಗಳಲ್ಲಿ ಎರಡು ಮುಖ್ಯವಾದವು 2021ರಿಂದ ಪ್ರೋಟಾನಿನಲ್ಲೂ ಕೆಲಸ ಮಾಡಬಲ್ಲವು, ಆದರೆ ಆಯಾ ಆಟದ ಕಂಪನಿ ಒಪ್ಪಬೇಕು. ಹಲವರು ಒಪ್ಪಿಲ್ಲ. ವ್ಯಾಲರಂಟ್, ಫೋರ್ಟ್‌ನೈಟ್, ಪಿಸಿಯ ಪಬ್‌ಜಿ ಲಿನಕ್ಸಿನಲ್ಲಿ ನಡೆಯುವುದಿಲ್ಲ. ನಡೆಯುತ್ತಿದ್ದ ಏಪೆಕ್ಸ್ ಲೆಜೆಂಡ್ಸ್, ಮೋಸಗಾರರ ಕಾಟವೆಂದು 2024ರ ಅಕ್ಟೋಬರ್ 31ರಂದು ಲಿನಕ್ಸಿಗೆ ಬಾಗಿಲು ಹಾಕಿತು. ಇನ್ನೊಂದು ಕಡೆ ಕೌಂಟರ್-ಸ್ಟ್ರೈಕ್ 2, ಡೋಟಾ 2, ಮೈನ್‌ಕ್ರಾಫ್ಟಿನ ಜಾವಾ ಆವೃತ್ತಿ, ಸ್ಟಾರ್ಡ್ಯೂ ವ್ಯಾಲಿ ನೇರವಾಗಿಯೇ ನಡೆಯುತ್ತವೆ. ಪ್ರೋಟಾನ್ ಮೂಲಕ ನಡೆಯುವವು ಇನ್ನೂ ಸಾವಿರಾರು.

ಹಾಗಾಗಿ ಹುಡುಗನಿಗೆ ನಮ್ಮ ಉತ್ತರ: "ಯಾವ ಗೇಮ್ ಅಂತ ಮೊದಲು ಹೇಳು ಮಾರಾಯ." ವ್ಯಾಲರಂಟೇ ಬೇಕಾದರೆ ವಿಂಡೋಸ್ ಬಿಡಬೇಡ. ಅಲ್ಲದೆ ತೀರಾ ಹಳೆಯ ಕಂಪ್ಯೂಟರಿನ ಗ್ರಾಫಿಕ್ಸ್ ಭಾಗಕ್ಕೆ ವಲ್ಕನ್ ಬಾರದಿದ್ದರೆ ಲಿನಕ್ಸ್ ಹಾಕಿದ ಮಾತ್ರಕ್ಕೆ ಹೊಸ ಆಟ ಓಡುವುದಿಲ್ಲ.

ನಮ್ಮ ಕೋಣೆಯಲ್ಲಿ

ಕೊನೆಯದಾಗಿ ನಮ್ಮದೇ ಒಂದು ತಪ್ಪು. ಎರಡು ವರ್ಷದ ಹಿಂದೆ ನಮ್ಮಲ್ಲೊಬ್ಬ ಮನೆಯ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಲು ಕುಳಿತ. ವಿಂಡೋಸಿನ ಪಕ್ಕದಲ್ಲಿ ಹಾಕುವ ಬದಲು ಇಡೀ ಡಿಸ್ಕ್ ಅಳಿಸುವ ಆಯ್ಕೆಯನ್ನು ಒತ್ತಿಬಿಟ್ಟ. ಅಕ್ಕನ ಮದುವೆಯ ಫೋಟೋಗಳೆಲ್ಲ ಹೋದವು. ಅಮ್ಮ ಒಂದು ವಾರ ಮಾತನಾಡಲಿಲ್ಲ. ಆ ಬಳಿಕ ನಮ್ಮ ಮನೆಗಳಲ್ಲಿ ಲಿನಕ್ಸ್ ಎಂದರೆ ಹೆದರಿಕೆ. ಆ ತಾಯಿ ಸಭೆಯಲ್ಲಿ ಪ್ರಶ್ನೆ ಕೇಳಿದ್ದರ ಹಿಂದೆ ಈ ಕಥೆಯೂ ಇತ್ತು. ಅದಕ್ಕೆ ನಾವು ಉತ್ತರ ಕೊಡಬೇಕಾದ್ದು ಮಾತಿನಲ್ಲಲ್ಲ.

ಆದ್ದರಿಂದ ಹೀಗೆ ಮಾಡೋಣ ಎಂದು ನಿಶ್ಚಯಿಸಿದ್ದೇವೆ. ಮೊದಲು ಎರಡೂ ಕಂಪ್ಯೂಟರಿನ ಫೋಟೋ, ಕಡತಗಳನ್ನು ಬೇರೆ ಡಿಸ್ಕಿಗೆ ನಕಲು ಮಾಡಿ, ತೆರೆದು ನೋಡಿ ಖಚಿತ ಮಾಡಿಕೊಳ್ಳುವುದು. ಬಳಿಕ ಪೆನ್ ಡ್ರೈವಿನಿಂದ ಲಿನಕ್ಸ್ ನಡೆಸಿ, ಏನೂ ಅಳಿಸದೆ ವೈಫೈ, ಶಬ್ದ, ಪ್ರಿಂಟರ್ ಪರೀಕ್ಷಿಸುವುದು. ಎರಡು ವಾರ ಎಲ್ಲರೂ ಹಾಗೆಯೇ ಬಳಸಿ ನೋಡಿ, ಒಪ್ಪಿಗೆಯಾದರೆ ಮಾತ್ರ ಇನ್‌ಸ್ಟಾಲ್. ನಿಮ್ಮ ಮನೆಯಲ್ಲಿಯೂ ಇದೇ ಕ್ರಮ ಒಳ್ಳೆಯದು.

ಇನ್ನೊಂದು ನಿಯಮ ನಮಗೆ ನಾವೇ ಹಾಕಿಕೊಂಡಿದ್ದೇವೆ. ಯಾರು ಏನು ಕೇಳಿದರೂ, ಹತ್ತನೆಯ ಸಲ ಕೇಳಿದರೂ, "ಇಷ್ಟೂ ಗೊತ್ತಿಲ್ವಾ" ಎನ್ನಬಾರದು. ಪಕ್ಕದಲ್ಲಿ ಕುಳಿತು, ಮೌಸ್ ಅವರ ಕೈಯಲ್ಲೇ ಇಟ್ಟು ತೋರಿಸಬೇಕು. ಐಟಿ ಲ್ಯಾಬಿನಲ್ಲಿ ನಮಗೆ ಟೀಚರ್ ಕಲಿಸಿದ್ದೂ ಹಾಗೆಯೇ.

ಬನ್ನಿ, ನಿಮ್ಮ ಪೆನ್ ಡ್ರೈವ್ ತನ್ನಿ. ಆ ಅಮ್ಮನನ್ನೂ ಕರೆದುಕೊಂಡು ಬನ್ನಿ.